ಜಗದಾಂಬಾ ಸಿಸ್ಟರ್ ಮತ್ತು ಅರವತ್ತಾರರ ಶಿಷ್ಯ

ಜಗದಾಂಬಾ ಸಿಸ್ಟರ್ ಅವರನ್ನು ನಾನು ಮೊದಲು ನೋಡಿದಾಗ ಅವರು ಸೈಕಲ್ ತಳ್ಳಿಕೊಂಡು ನಮ್ಮ ಮನೆಯ ಕಡೆಗೇ ಬರುತ್ತಿದ್ದರು. ಆ ಸೈಕಲ್ಲಿನ ಕ್ಯಾರಿಯರ್ ಹಿಡಿದುಕೊಂಡು ಹಿಂದೆ ನಡೆದು ಬರುತ್ತಿದ್ದವಳು ನಮ್ಮ ಅಜ್ಜಿ ಕಲ್ಲಮ್ಮ. ಅದು ೧೯೬೪ರ ಮಾತು. ನನಗೆ ಹನ್ನೊಂದು ವರ್ಷ. ಅಜ್ಜಿಗೆ ಎಪ್ಪತ್ತೆರಡು, ಎರಡೂ ಕಣ್ಣು ಕಾಣುತ್ತಿರಲಿಲ್ಲ.

ಅಂದು ನಾನು ಮಾಡಿದ ತಪ್ಪನ್ನು ಮೊದಲು ಒಪ್ಪಿಕೊಳ್ಳಬೇಕು. ನಾವು ಇದ್ದದ್ದು ಭದ್ರಾವತಿಯ ಹಳೇನಗರದಲ್ಲಿ. ಅಪ್ಪ ಭೈರಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಪ್ರತಿ ಸೋಮವಾರ ಅಜ್ಜಿಯನ್ನು ಈಶ್ವರನ ಗುಡಿಗೆ ಕರೆದುಕೊಂಡು ಹೋಗಿ ಬರುವುದು ನನ್ನ ಪಾಲಿನ ಕೆಲಸ. ಗೆಳತಿಯರೆಲ್ಲ ಆಡುವ ಹೊತ್ತಿನಲ್ಲಿ ಮುದುಕಿಯ ಕೈ ಹಿಡಿದು ಆಮೆಯ ಹಾಗೆ ನಡೆಯುವುದೆಂದರೆ ನನಗೆ ಮೈಯೆಲ್ಲ ಉರಿ. ಆ ಸೋಮವಾರ ಹಿಂದಿರುಗುವಾಗ ಸಿನಿಮಾದ ಜಟಕಾ ಗಾಡಿ ಬಂತು. ತಮಟೆ ಬಾರಿಸುತ್ತ ಬಣ್ಣದ ಚೀಟಿ ಎಸೆಯುವ ಗಾಡಿ ಅದು. ನಾನು ಅಜ್ಜಿಯನ್ನು ಹಿಟ್ಟಿನ ಗಿರಣಿಯ ಮುಂದಿನ ಕಲ್ಲಿನ ಮೇಲೆ ಕೂರಿಸಿ, "ಇಲ್ಲೇ ಇರು, ಬಂದೆ" ಎಂದು ಓಡಿದೆ. ಗಾಡಿಯ ಹಿಂದೆ ಎಷ್ಟು ದೂರ ಓಡಿದೆನೋ, ಅಜ್ಜಿಯ ನೆನಪಾದಾಗ ಕಾರ್ಖಾನೆಯ ಸೈರನ್ ಕೂಗುತ್ತಿತ್ತು. ವಾಪಸು ಬಂದು ನೋಡಿದರೆ ಕಲ್ಲಿನ ಮೇಲೆ ಯಾರೂ ಇಲ್ಲ.

ಅಳುತ್ತ ಮನೆಗೆ ಓಡಿ ಬರುವ ಹೊತ್ತಿಗೆ ಬೀದಿಯ ತುದಿಯಲ್ಲಿ ಸೈಕಲ್ ಕಾಣಿಸಿತು. ಬಿಳಿ ಸೀರೆ, ತೆಳ್ಳನೆಯ ಮೈ, ಹ್ಯಾಂಡಲಿಗೆ ನೇತುಹಾಕಿದ ಚರ್ಮದ ಚೀಲ. ಹೊಸದಾಗಿ ಬಂದ ಹೆಲ್ತ್ ಸಿಸ್ಟರ್ ಎಂದು ಗೊತ್ತಾಯಿತು. ಬಸುರಿಯರನ್ನೂ ಎಳೆಗೂಸುಗಳನ್ನೂ ನೋಡಲು ಮನೆಮನೆಗೆ ಬರುತ್ತಾರೆಂದು ಕೇಳಿದ್ದೆ. ಅಮ್ಮ ಬಾಗಿಲಿಗೆ ಬಂದು, "ಅಯ್ಯೋ, ಇದೇನು ಸಿಸ್ಟರ್?" ಎಂದರು. ನಾನು ಬಾಗಿಲ ಮರೆಗೆ ಸರಿದೆ.

"ದಾರೀಲಿ ಸಿಕ್ಕಿದ್ರು. ಮಾತಾಡ್ತಾ ಮಾತಾಡ್ತಾ ಬಂದ್ವಿ" ಎಂದರು ಸಿಸ್ಟರ್. ಅಷ್ಟೇ. ಅಜ್ಜಿಯೂ ಏನೂ ಹೇಳಲಿಲ್ಲ.

ಹೊರಡುವಾಗ ಅವರು ನನ್ನನ್ನು ಸೈಕಲ್ಲಿನ ಹತ್ತಿರ ಕರೆದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. "ನಿಮ್ಮಜ್ಜಿಗೆ ಏನು ಆಸೆ ಅಂತ ಗೊತ್ತಾ?" ಎಂದು ಕೇಳಿದರು. ನನಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅಜ್ಜಿಯರಿಗೆ ಆಸೆ ಇರುತ್ತದೆಯೇ?

"ಗೊತ್ತಿಲ್ಲ" ಎಂದೆ.

"ಕೇಳಿ ತಿಳ್ಕೊ. ಗುರುವಾರ ಬರ್ತೀನಿ, ಹೇಳು."

ಇಪ್ಪತ್ತಮೂರು ವರ್ಷದ ಹೆಂಗಸೊಬ್ಬಳು ಇಂಥ ಪ್ರಶ್ನೆ ಕೇಳಲು ಎಲ್ಲಿಂದ ಕಲಿತಿದ್ದಳು? ಆ ಕಥೆಯನ್ನು ಮುಂದೆ ಅವರೇ ನನಗೆ ಹೇಳಿದರು, ಒಂದು ವಾರ ನಾನು ಅವರ ಜೊತೆಯಲ್ಲೇ ಇದ್ದಾಗ. ಆದರೆ ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಅದಿಲ್ಲದೆ ಉಳಿದದ್ದು ತಿಳಿಯುವುದಿಲ್ಲ.

ಜಗದಾಂಬಾ ಹುಟ್ಟಿ ಬೆಳೆದದ್ದು ಶಿವಮೊಗ್ಗದಲ್ಲಿ. ತಂದೆ ಷಡಕ್ಷರಪ್ಪನವರಿಗೆ ಗಾಂಧಿಬಜಾರಿನಲ್ಲಿ ಬಟ್ಟೆ ಅಂಗಡಿ. ಮನೆಯ ಹಿಂಭಾಗದ ಒಂದು ಕೋಣೆಯಲ್ಲಿ ಮುರುಗೇಶಪ್ಪ ಎಂಬ ವಿಧುರರು ಬಾಡಿಗೆಗಿದ್ದರು. ತಾಲ್ಲೂಕು ಕಚೇರಿಯಲ್ಲಿ ದಲಾಯತರಾಗಿ, ಸರ್ಕಾರದ ಟಪಾಲು ಹೊತ್ತು ಊರೂರು ನಡೆದು, ನಿವೃತ್ತರಾದವರು. ವಯಸ್ಸು ಅರವತ್ತಾರು. ಎತ್ತರದ ಆಳು, ನಡೆದು ನಡೆದು ಕಾಲು ಮಾತ್ರ ಕಗ್ಗಲ್ಲಾಗಿತ್ತು.

ಜಗದಾಂಬಾಗೆ ಹತ್ತು ವರ್ಷವಿದ್ದಾಗ ಅಣ್ಣನ ಸೈಕಲ್ಲನ್ನು ಕದ್ದು ತೆಗೆದುಕೊಂಡು ಹೋಗಿ, ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆಯುವುದನ್ನು ತಾನೇ ಕಲಿತಳು. ಹೆಣ್ಣುಮಗಳು ಸೈಕಲ್ ಮುಟ್ಟಿದಳೆಂದು ತಿಳಿದರೆ ಅಪ್ಪ ಸುಮ್ಮನಿರುವವರಲ್ಲ. ಅದಕ್ಕೇ ಬೆಳಗ್ಗೆ ಬೇಗ ಆಲ್ಕೊಳದ ಕಡೆಯ ಬಯಲಿಗೆ ಹೋಗುತ್ತಿದ್ದಳು. ಈಗ ಸರ್ಕಲ್ಲು, ಅಂಗಡಿ, ಬಸ್ಸು ಎಂದು ಗಿಜಿಗುಡುವ ಆ ಜಾಗದಲ್ಲಿ ಆಗ ದನ ಮೇಯುತ್ತಿದ್ದವು. ಒಂದು ದಿನ ಬಯಲಿನ ಅಂಚಿನಲ್ಲಿ ಮುರುಗೇಶಪ್ಪ ನಿಂತಿದ್ದರು. ಅವಳು ಹೆದರಿ ಸೈಕಲ್ ಸಮೇತ ಬಿದ್ದಳು.

ಅವರು ಹತ್ತಿರ ಬಂದು ಸೈಕಲ್ ಎತ್ತಿ ನಿಲ್ಲಿಸಿದರು. ಸೀಟಿನ ಮೇಲಿನ ಮಣ್ಣು ಒರೆಸಿದರು. ಆಮೇಲೆ ಆಚೀಚೆ ನೋಡಿ, ಮೆಲ್ಲಗೆ, "ನನಗೂ ಕಲಿಸಿಕೊಡ್ತೀಯಾ?" ಎಂದರು.

"ನಿಮಗಾ ಅಜ್ಜ?"

"ಯಾಕೆ, ಕಾಲು ಎರಡಿವೆಯಲ್ಲ?"

ಅವರಿಗೆ ಸೈಕಲ್ ಬೇಕಾಗಿದ್ದಕ್ಕೆ ಕಾರಣವಿತ್ತು. ಒಬ್ಬಳೇ ಮಗಳು ಶಂಕರಮ್ಮನನ್ನು ಹೊಳಲೂರಿಗೆ ಕೊಟ್ಟಿದ್ದರು. ಆ ದಾರಿಗೆ ಇದ್ದದ್ದು ಒಂದೇ ಬಸ್ಸು; ಅದರಲ್ಲಿ ಹೋದರೆ ಅಂದೇ ಹಿಂತಿರುಗುವಂತಿರಲಿಲ್ಲ. ಕೊಟ್ಟ ಮಗಳ ಮನೆಯಲ್ಲಿ ರಾತ್ರಿ ಉಳಿಯಬಾರದೆಂಬುದು ಅವರ ಹಟ. ನಡೆದರೆ ಹತ್ತು ಹನ್ನೊಂದು ಮೈಲಿ. ಹೋಗಬಹುದು, ಆದರೆ ಹೋಗಿ ಬರುವಷ್ಟು ಕಸುವು ಉಳಿದಿರಲಿಲ್ಲ. ಹಾಗಾಗಿ ಮಗಳ ಮುಖ ನೋಡಿ ಎರಡು ವರ್ಷವಾಗಿತ್ತು.

ಮರುದಿನದಿಂದ ಪಾಠ ಶುರುವಾಯಿತು. ಹತ್ತು ವರ್ಷದ ಹುಡುಗಿ ಹಿಂದಿನಿಂದ ಸೀಟು ಹಿಡಿದುಕೊಳ್ಳುವುದು, ಅರವತ್ತಾರು ವರ್ಷದ ದಲಾಯತರು ಕಚ್ಚೆ ಬಿಗಿದು ಪೆಡಲ್ ತುಳಿಯುವುದು. ಮೊದಲ ದಿನವೇ ಅವರು ಅವಳನ್ನು "ಮೇಷ್ಟ್ರೇ" ಎಂದು ಕರೆದರು. ತಮಾಷೆಗಲ್ಲ. ಕಲಿಸುವವರನ್ನು ಬೇರೆ ಏನೆಂದು ಕರೆಯಬೇಕು ಎಂಬಂತೆ ಕರೆದರು.

ಮೂರನೆಯ ದಿನ ಒಂದು ಸಣ್ಣ ಇಳಿಜಾರಿನ ತಲೆಯಲ್ಲಿ ಸೈಕಲ್ ನಿಲ್ಲಿಸಿ ಅವರು ಇಳಿದುಬಿಟ್ಟರು. "ಮೇಷ್ಟ್ರೇ, ನನಗೆ ಹೆದರಿಕೆ ಆಗ್ತಿದೆ" ಎಂದರು.

ಜಗದಾಂಬಾ ಸಿಸ್ಟರ್ ಈ ಮಾತನ್ನು ನನಗೆ ಹೇಳುವಾಗ, "ಅಲ್ಲೀತನಕ ಯಾವ ದೊಡ್ಡೋರೂ ನನ್ನ ಮುಂದೆ ಹೆದರಿಕೆ ಅಂದಿರ್ಲಿಲ್ಲ ಕಣೆ. ದೊಡ್ಡೋರಾದ ಮೇಲೆ ಹೆದರಿಕೆ ಹೋಗಿಬಿಡುತ್ತೆ ಅಂದ್ಕೊಂಡಿದ್ದೆ. ಆ ಬಿಳಿ ಮೀಸೆ ಒಳಗೆ ನನ್ನ ಹಾಗೇ ಒಬ್ರು ಕೂತಿದ್ದಾರೆ ಅಂತ ಅವತ್ತು ಗೊತ್ತಾಯ್ತು" ಎಂದರು.

ಹತ್ತು ವರ್ಷದ ಮೇಷ್ಟ್ರು ಅಂದು ಏನು ಮಾಡಿದಳು? "ನನಗೂ ಮೊದಲು ಆಗ್ತಿತ್ತು. ಇಳಿಜಾರು ನೋಡ್ಬೇಡಿ, ಆಚೆ ತುದಿಯ ಆ ಬೇವಿನ ಮರ ನೋಡಿ" ಎಂದಳು. ಅವರು ಬೇವಿನ ಮರ ನೋಡಿದರು. ಬಿದ್ದರು. ಎದ್ದು ಮೊಣಕಾಲಿನ ರಕ್ತ ಒರೆಸಿಕೊಂಡು ಮತ್ತೆ ಹತ್ತಿದರು.

ಇಪ್ಪತ್ತಮೂರು ದಿನ ಹಿಡಿಯಿತು. ಬಜಾರಿನಲ್ಲಿ ಸುದ್ದಿ ಹಬ್ಬಿತು. "ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ, ಈ ವಯಸ್ಸಲ್ಲಿ ನಿನಗೆ ಸೈಕಲ್ ಯಾಕೆ ಮಾರಾಯ?" ಎಂದು ಯಾರೋ ಕೂಗಿದಾಗ, ಮುರುಗೇಶಪ್ಪ, "ಕಾಡು ಬಾ ಅಂದ್ರೆ ಸೈಕಲ್ ಮೇಲೇ ಹೋಗ್ತೀನಿ ಬಿಡಪ್ಪ" ಎಂದರಂತೆ.

ಷಡಕ್ಷರಪ್ಪನವರಿಗೂ ವಿಷಯ ಮುಟ್ಟಿತು. ಅವರು ಮಗಳ ಮೇಲೆ ಕೈ ಎತ್ತುವ ಮೊದಲೇ ಮುರುಗೇಶಪ್ಪ ತಾವಾಗಿ ಬಂದು ಜಗಲಿಯ ಮೇಲೆ ನಿಂತರು. "ಸಾವ್ಕಾರ್ರೇ, ಭಾನುವಾರ ನಾನು ಹೊಳಲೂರಿಗೆ ಹೋಗ್ಬೇಕು. ನಿಮ್ಮ ಮಗಳನ್ನ ಜೊತೆಗೆ ಕಳಿಸಿಕೊಡಿ."

"ಅಷ್ಟು ದೂರ, ಚಿಕ್ಕ ಹುಡುಗೀನ ಕರ್ಕೊಂಡು ಹೋಗ್ತೀರಾ?"

"ನಾನು ಅವಳನ್ನ ಕರ್ಕೊಂಡು ಹೋಗ್ತಿಲ್ಲ. ಅವಳು ನನ್ನ ಕರ್ಕೊಂಡು ಹೋಗ್ತಾಳೆ. ದಾರೀಲಿ ತಪ್ಪು ಮಾಡಿದ್ರೆ ತಿದ್ದೋರು ಬೇಕಲ್ಲ?"

ಷಡಕ್ಷರಪ್ಪನವರಿಗೆ ನಗು ಬಂದುಬಿಟ್ಟಿತು. ನಕ್ಕ ಮೇಲೆ ಹೊಡೆಯಲಾಗಲಿಲ್ಲ.

ಭಾನುವಾರ ಸೂರ್ಯ ಹುಟ್ಟುವ ಹೊತ್ತಿಗೆ ಹೊರಟರು. ಬಾಡಿಗೆ ಸೈಕಲ್, ಅಜ್ಜ ಸೀಟಿನ ಮೇಲೆ, ಮೇಷ್ಟ್ರು ಹಿಂದೆ ಕ್ಯಾರಿಯರ್ ಮೇಲೆ. ಎತ್ತಿನ ಗಾಡಿ ಎದುರಾದಾಗಲೆಲ್ಲ ಹಿಂದಿನಿಂದ "ಬ್ರೇಕ್! ಅಜ್ಜ, ಬ್ರೇಕ್!" ಎಂಬ ಕೂಗು. ಏರು ಬಂದಾಗ ಇಬ್ಬರೂ ಇಳಿದು ತಳ್ಳುವುದು. ಎರಡು ಸಲ ಬಿದ್ದರು, ಒಮ್ಮೆ ಭತ್ತದ ಗದ್ದೆಯ ಕೆಸರಿಗೆ. ಹೊಳಲೂರು ಮುಟ್ಟಿದಾಗ ಬಿಸಿಲು ನೆತ್ತಿಯ ಹತ್ತಿರ ಬಂದಿತ್ತು. ಮನೆಯ ಮುಂದೆ ಬೆಲ್ಲು ಬಾರಿಸಿದರು. ಶಂಕರಮ್ಮ ಹೊರಗೆ ಬಂದು, ಮೈತುಂಬ ಕೆಸರಾದ ತಂದೆಯನ್ನೂ ಸೈಕಲ್ಲನ್ನೂ ಹಿಂದಿನಿಂದ ಇಣುಕುತ್ತಿದ್ದ ಹುಡುಗಿಯನ್ನೂ ನೋಡಿ ಹೊಸ್ತಿಲಲ್ಲೇ ನಿಂತಳು. ಮುರುಗೇಶಪ್ಪ ಮಗಳಿಗೆ ಮೊದಲು ಹೇಳಿದ ಮಾತು, "ಇವರು ನಮ್ಮ ಮೇಷ್ಟ್ರು. ಮೊದಲು ಅವರಿಗೆ ನೀರು ಕೊಡು."

ಸಂಜೆಯೊಳಗೆ ಶಿವಮೊಗ್ಗಕ್ಕೆ ವಾಪಸಾದರು. ಆಮೇಲೆ ಐದಾರು ವರ್ಷ ತಿಂಗಳಿಗೊಮ್ಮೆ ಅವರು ಒಬ್ಬರೇ ಹೋಗಿ ಬರುತ್ತಿದ್ದರು. ಉಳಿದ ದಿನ ಸಂಜೆ ಜಗದಾಂಬಾ ಅವರ ಕೋಣೆಯ ಹೊಸ್ತಿಲ ಮೇಲೆ ಕೂತು ಶಾಲೆಯ ಪಾಠ ಓದುತ್ತಿದ್ದಳು. ಅವರು ಅದನ್ನು ಕೇಳಿ, ತಿಳಿಯದಿದ್ದನ್ನು ನಾಚಿಕೆಯಿಲ್ಲದೆ ಕೇಳುತ್ತಿದ್ದರು. ಭೂಮಿ ತಿರುಗುತ್ತದೆ ಎಂಬುದನ್ನು ಅವರಿಗೆ ಒಪ್ಪಿಸಲು ಅವಳಿಗೆ ನಾಲ್ಕು ದಿನ ಬೇಕಾಯಿತಂತೆ.

೧೯೫೭ರಲ್ಲಿ ಅವರ ಕಣ್ಣು ಮಂಜಾಯಿತು. ಒಂದು ಎಮ್ಮೆಗೆ ಸೈಕಲ್ ಗುದ್ದಿದ ಮೇಲೆ, ಶಂಕರಮ್ಮ ಬಂದು ಹಟ ಮಾಡಿ ಹೊಳಲೂರಿಗೆ ಕರೆದುಕೊಂಡು ಹೋದಳು. ಎಸ್ಸೆಸ್ಸೆಲ್ಸಿ ಮುಗಿಸಿ ಜಗದಾಂಬಾ ನರ್ಸಿಂಗ್ ಕಲಿಯಲು ಮೈಸೂರಿಗೆ ಹೋದಳು. ಅಲ್ಲಿ ಒಂದು ದಿನ ಕಣ್ಣಿನ ಆಪರೇಷನ್ ನೋಡಿದಳು. ಮುದುಕನೊಬ್ಬನ ಕಣ್ಣಿನಿಂದ ಬೇಳೆಯಷ್ಟು ದೊಡ್ಡ ಬಿಳಿಯ ಪೊರೆಯನ್ನು ಡಾಕ್ಟರು ತೆಗೆದು ಬಟ್ಟಲಿಗೆ ಹಾಕಿದರು. ಅವಳು ಗೋಡೆಯ ಗಡಿಯಾರ ನೋಡಿದಳು. ಹದಿನೈದು ನಿಮಿಷವೂ ಆಗಿರಲಿಲ್ಲ.

ಅಂದು ಸಂಜೆಯೇ ಹೊಳಲೂರಿಗೆ ಕಾಗದ ಬರೆದಳು. 'ಅಜ್ಜನನ್ನು ತಕ್ಷಣ ಕರೆದುಕೊಂಡು ಬನ್ನಿ, ಕಣ್ಣು ಬರುತ್ತದೆ.' ಹದಿನೈದು ದಿನಕ್ಕೆ ಉತ್ತರ ಬಂತು. ಮುರುಗೇಶಪ್ಪ ತಿಂಗಳ ಹಿಂದೆ ಲಿಂಗೈಕ್ಯರಾಗಿದ್ದರು. ಮೂರು ವರ್ಷ ಏನೂ ಕಾಣದೆ ಬಾಗಿಲ ಪಕ್ಕ ಕೂತಿದ್ದರೆಂದೂ, ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ಎಲ್ಲರೂ ತಿಳಿದಿದ್ದೆವೆಂದೂ, 'ನಮಗೆ ಯಾರೂ ಹೇಳಲಿಲ್ಲವಲ್ಲ ತಾಯಿ' ಎಂದೂ ಶಂಕರಮ್ಮ ಬರೆಸಿದ್ದಳು.

"ಮೂರು ವರ್ಷ" ಎಂದರು ಜಗದಾಂಬಾ ಸಿಸ್ಟರ್. "ಹದಿನೈದು ನಿಮಿಷದ ಕೆಲಸ."

ಅವರು ಭದ್ರಾವತಿಗೆ ಕೆಲಸಕ್ಕೆ ಬಂದದ್ದು ಎರಡು ವರ್ಷದ ಮೇಲೆ. ಸರ್ಕಾರ ಅವರಿಗೆ ಹೇಳಿದ್ದು ಬಾಣಂತಿ, ಮಗು, ಸಿಡುಬು ಬಾರದಂತೆ ದೇವಿ ಹಾಕುವುದು, ಇಷ್ಟೇ. ಆದರೆ ಅವರು ಯಾವ ಮನೆಗೆ ಹೋದರೂ ಮೊದಲು ಮೂಲೆಯಲ್ಲಿ ಕೂತ ಮುದುಕರನ್ನು ಮಾತಾಡಿಸುತ್ತಿದ್ದರು. ಕಣ್ಣು ಕಾಣದವರಾದರೆ, "ನಾನು ಜಗದಾಂಬಾ, ಬಾಗಿಲ ಬಲಗಡೆ ಕೂತಿದ್ದೀನಿ" ಎಂದು ಹೇಳಿಯೇ ಮಾತು ಶುರು. ನಮ್ಮ ಮನೆಯಲ್ಲಿ ನಾವ್ಯಾರೂ ಅಜ್ಜಿಗೆ ನಾವೆಲ್ಲಿದ್ದೇವೆಂದು ಎಂದೂ ಹೇಳಿದವರಲ್ಲ. ಇದ್ದಕ್ಕಿದ್ದಂತೆ ಕೈಗೆ ತಟ್ಟೆ ಹಿಡಿಸುತ್ತಿದ್ದೆವು, ಇದ್ದಕ್ಕಿದ್ದಂತೆ ಎಬ್ಬಿಸುತ್ತಿದ್ದೆವು.

ಗುರುವಾರದೊಳಗೆ ನಾನು ಅಜ್ಜಿಯನ್ನು ಕೇಳಬೇಕಿತ್ತಲ್ಲ. ಕೇಳಿದೆ. "ಅಜ್ಜಿ, ನಿನಗೇನು ಆಸೆ?"

"ಯಾಕೆ? ಯಾರು ಕೇಳೋಕೆ ಹೇಳಿದ್ರು?" ಅಜ್ಜಿ ಜೋರಿನವಳು.

"ಸುಮ್ನೆ."

ಬಹಳ ಹೊತ್ತಿನ ಮೇಲೆ, ನಾನು ಮರೆತೇಬಿಟ್ಟಿದ್ದಾಗ, ಅವಳು ಹೇಳಿದಳು. "ರೊಟ್ಟಿ ತಟ್ಟಬೇಕು. ನಿಮ್ಮವ್ವ ನನ್ನ ಒಲೆ ಹತ್ರ ಬಿಡೋಲ್ಲ. ಎಂಟು ವರ್ಷ ಆಯ್ತು, ನಾನು ತಟ್ಟಿದ ರೊಟ್ಟಿ ನಾನು ತಿಂದು."

ಇದನ್ನು ಹೇಳಿದಾಗ ಜಗದಾಂಬಾ ಸಿಸ್ಟರ್ ನಗಲಿಲ್ಲ. ಅಪ್ಪ ಕೆಲಸದಿಂದ ಬರುವವರೆಗೆ ಕಾದು ಕೂತರು. ಫೆಬ್ರವರಿಯಲ್ಲಿ ಶಿವಮೊಗ್ಗದ ಒಂದು ಛತ್ರದಲ್ಲಿ ಕಣ್ಣಿನ ಶಿಬಿರ ನಡೆಯುವುದೆಂದೂ, ಹೊರಗಿನಿಂದ ಡಾಕ್ಟರುಗಳು ಬಂದು ಪೊರೆ ತೆಗೆಯುವರೆಂದೂ, ಅಜ್ಜಿಯ ಕಣ್ಣು ಬರಬಹುದೆಂದೂ ಹೇಳಿದರು.

ಅಪ್ಪ ಕೆಟ್ಟವರಲ್ಲ. "ಈ ವಯಸ್ಸಲ್ಲಿ ಸುಮ್ನೆ ಯಾಕೆ ನೋವು ಕೊಡೋದು ಸಿಸ್ಟರ್? ಊಟ ತಿಂಡಿಗೆ ನಾವೇನೂ ಕಡಿಮೆ ಮಾಡಿಲ್ಲ" ಎಂದರು.

"ಅವರನ್ನ ಕೇಳಿದ್ರಾ?"

"ಅವ್ವನ್ನ ಏನು ಕೇಳೋದು?"

ಸಿಸ್ಟರ್ ಎದ್ದು ಅಜ್ಜಿಯ ಪಕ್ಕ ನೆಲದ ಮೇಲೆ ಕೂತರು. ಅಜ್ಜಿಗೆ ಎಲ್ಲ ಕೇಳಿಸಿತ್ತು. "ನೋಡ್ಬೇಕಾದ್ದೆಲ್ಲ ನೋಡಿಯಾಯ್ತು ಮಾರಾಯ್ತಿ. ಇನ್ನು ಕಣ್ಣು ತಗೊಂಡು ನಾನೇನು ಮಾಡ್ಲಿ?" ಎಂದಳು.

ಸಿಸ್ಟರ್ ವಾದ ಮಾಡಲಿಲ್ಲ. ದನಿ ತಗ್ಗಿಸಿ, "ಹೆದರಿಕೆನಾ ಅಜ್ಜಿ?" ಎಂದರು.

ಬೀದಿಯ ನಾಯಿಗಳೂ ನಮ್ಮ ಅಜ್ಜಿಯ ದನಿಗೆ ಹೆದರುತ್ತಿದ್ದವು. ಈಗ ಬೈಗುಳ ಬರುತ್ತದೆ ಎಂದುಕೊಂಡೆ. ಅಜ್ಜಿ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು. ಕೊನೆಗೆ "ಹೂಂ" ಎಂದಳು. ಆ 'ಹೂಂ' ಎಷ್ಟು ಸಣ್ಣದಾಗಿತ್ತೆಂದರೆ, ನನ್ನ ವಯಸ್ಸಿನ ಹುಡುಗಿಯೊಬ್ಬಳು ಹೇಳಿದಂತಿತ್ತು.

"ಏನು ಹೆದರಿಕೆ?"

"ಕಣ್ಣಿಗೆ ಕತ್ತಿ ಹಾಕ್ತಾರಂತೆ. ಮತ್ತೆ… ಅಲ್ಲೇ ಸತ್ತುಹೋದ್ರೆ, ನಮ್ಮೋರು ಯಾರೂ ಹತ್ರ ಇರೋಲ್ಲ."

"ಸೂಜಿ ಹಾಕಿ ಕಣ್ಣು ಜೋಮು ಹಿಡಿಸ್ತಾರೆ. ಕತ್ತಿ ಗೊತ್ತಾಗೋಲ್ಲ. ಆಮೇಲೆ ಏಳು ದಿನ ತಲೆ ಅಲ್ಲಾಡಿಸದೆ ಮಲಗ್ಬೇಕು, ಅದೇ ಕಷ್ಟ. ನೂರಕ್ಕೆ ನಾಲ್ಕೈದು ಜನಕ್ಕೆ ಕಣ್ಣು ಬರೋಲ್ಲ. ನಿಮಗೆ ಬಂದೇ ಬರುತ್ತೆ ಅಂತ ನಾನು ಹೇಳೋಲ್ಲ. ಏಳು ದಿನ ನಾನು ಅಲ್ಲೇ ಇರ್ತೀನಿ. ಅದು ಮಾತ್ರ ಖಂಡಿತ."

ಅಜ್ಜಿ ಕೈ ಚಾಚಿ ಹುಡುಕಿ ಅವರ ಮುಖ ಮುಟ್ಟಿದಳು. "ಭೈರ" ಎಂದು ಅಪ್ಪನನ್ನು ಕರೆದಳು, "ಎಂಟು ವರ್ಷದ ಮೇಲೆ ಒಬ್ರು ನನಗೆ ಸುಳ್ಳು ಹೇಳದೆ ಮಾತಾಡಿದ್ರು. ನಾನು ಹೋಗ್ತೀನಿ."

ಅಮ್ಮನಿಗೆ ಆಗತಾನೇ ಹೆರಿಗೆಯಾಗಿತ್ತು, ಅಪ್ಪನಿಗೆ ರಜೆಯಿಲ್ಲ. ಅಜ್ಜಿಯ ಜೊತೆಗೆ ಹೋಗಬೇಕಾದವಳು ನಾನೇ ಎಂದಾಯಿತು.

ಆ ಬೆಳಗ್ಗೆ ಭದ್ರಾವತಿ ಸ್ಟೇಷನ್ನಿನಲ್ಲಿ ನಾನು ನೋಡಿದ್ದನ್ನು ಇನ್ನೂ ಮರೆತಿಲ್ಲ. ಹತ್ತೊಂಬತ್ತು ಜನ ಮುದುಕ ಮುದುಕಿಯರು. ಹಳೇನಗರ, ನ್ಯೂಟೌನು, ಕಾಗದದ ಕಾರ್ಖಾನೆಯ ಕಡೆಯಿಂದ ಬಂದವರು. ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲವೂ ಅವರ ಬಾಯಲ್ಲಿತ್ತು. ಒಬ್ಬೊಬ್ಬರ ಮನೆಗೂ ಜಗದಾಂಬಾ ಸಿಸ್ಟರ್ ಎಷ್ಟು ಸಲ ಹೋಗಿದ್ದರೋ. ಶಿವಮೊಗ್ಗದಲ್ಲಿ ರೈಲಿಳಿದ ಮೇಲೆ ಅವರು ಚೀಲದಿಂದ ಒಂದು ಉದ್ದನೆಯ ಹೊಸ ಹಗ್ಗ ತೆಗೆದು ಎಲ್ಲರ ಕೈಗೂ ಹಿಡಿಸಿದರು. ಮುಂದೆ ಅವರು, ಕೊನೆಯಲ್ಲಿ ನಾನು. "ಎಡಕ್ಕೆ ಚರಂಡಿ ಇದೆ," "ಈಗ ಏರು ಬರುತ್ತೆ," "ಇದು ಹೂವಿನ ಅಂಗಡಿ, ವಾಸನೆ ಬಂತಾ?" ಎಂದು ಹೇಳುತ್ತ ಅವರು ನಡೆದರೆ, ಆ ಮಾತು ಒಬ್ಬರಿಂದೊಬ್ಬರಿಗೆ ಸಾಲಿನುದ್ದಕ್ಕೂ ನಾಲ್ಕು ಭಾಷೆಯಲ್ಲಿ ಸಾಗಿ ಬರುತ್ತಿತ್ತು. ಜಟಕಾದವರು ಗಾಡಿ ನಿಲ್ಲಿಸಿದರು. ಅಂಗಡಿಯವರು ಎದ್ದು ನಿಂತರು. ಒಬ್ಬರೂ ನಗಲಿಲ್ಲ.

ಛತ್ರದ ಹಜಾರದಲ್ಲಿ ಹುಲ್ಲು ಹಾಸಿ, ಮೇಲೆ ಜಮಖಾನ ಹಾಸಿ ಹಾಸಿಗೆ ಮಾಡಿದ್ದರು. ಆಪರೇಷನ್ ಆದ ಮೇಲೆ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆಯ ಎರಡೂ ಬದಿಗೆ ಮರಳಿನ ಚೀಲ ಇಟ್ಟು ಮಲಗಿಸಿದರು. ಕೆಮ್ಮಬಾರದು, ಹೊರಳಬಾರದು. ಮುರುಗೇಶಪ್ಪನವರ ಕಥೆ ನಾನು ಕೇಳಿದ್ದು ಅಲ್ಲೇ. ಮಧ್ಯಾಹ್ನಗಳಲ್ಲಿ ಹಜಾರದ ನಡುವೆ ಕೂತು ಸಿಸ್ಟರ್ ಅದನ್ನು ಸ್ವಲ್ಪ ಸ್ವಲ್ಪವೇ ಹೇಳುತ್ತಿದ್ದರು. ಗದ್ದೆಯ ಕೆಸರಿಗೆ ಬಿದ್ದ ಭಾಗ ಬಂದಾಗ, "ನಗಬೇಡಿ, ಯಾರೂ ನಗಬೇಡಿ, ಹೊಲಿಗೆ ಬಿಚ್ಚುತ್ತೆ!" ಎಂದು ಅವರೇ ಕೂಗಬೇಕಾಯಿತು. ಆ ವಾರ ನಾನು ಬರೀ ನಮ್ಮ ಅಜ್ಜಿಗಲ್ಲ, ಹತ್ತೊಂಬತ್ತು ಜನರಿಗೂ ಗಂಜಿ ಕುಡಿಸಿದೆ. "ನಾನು ಭೈರಪ್ಪನ ಮಗಳು, ನಿಮ್ಮ ಎಡಗಡೆ ಇದ್ದೀನಿ" ಎಂದು ಹೇಳಿಯೇ ಚಮಚ ಬಾಯಿಗಿಡುತ್ತಿದ್ದೆ. ಹಾಗೆ ಹೇಳೆಂದು ನನಗೆ ಯಾರೂ ಕಲಿಸಲಿಲ್ಲ. ಅವರು ಮಾಡುತ್ತಿದ್ದರು, ನಾನೂ ಮಾಡಿದೆ.

ಎಂಟನೆಯ ದಿನ ಪಟ್ಟಿ ಬಿಚ್ಚಿದರು. ಡಾಕ್ಟರು ಅಜ್ಜಿಯ ಮೂಗಿನ ಮೇಲೆ ದಪ್ಪ ಗಾಜಿನ ಕನ್ನಡಕ ಇಟ್ಟು, "ಏನು ಕಾಣುತ್ತೆ ಅಜ್ಜಿ?" ಎಂದರು. ಅಜ್ಜಿ ತಲೆ ತಗ್ಗಿಸಿ ತನ್ನ ಕೈಗಳನ್ನು ನೋಡಿಕೊಂಡಳು. ಹಿಂದೆ ಮುಂದೆ ತಿರುಗಿಸಿದಳು.

"ಇದು ಯಾರ ಕೈ? ಇಷ್ಟು ಮುದಿಯಾಗಿದೆ?"

ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಮೂರು ವರ್ಷದವಳಿದ್ದಾಗ ಕೊನೆಯ ಸಲ ಕಂಡಿದ್ದ ಮುಖ. "ನಾನು, ಅಜ್ಜಿ" ಎಂದೆ. ದನಿ ಕೇಳಿ ಅವಳ ಬಾಯಿ ತೆರೆಯಿತು. "ಇಷ್ಟುದ್ದ ಆಗಿದ್ದೀಯಾ? ನಾನು ಇನ್ನೂ ಕೈ ಕೆಳಗೆ ಮಾಡಿ ತಲೆ ಹುಡುಕ್ತಿದ್ನಲ್ಲೇ!" ಎಂದು ನನ್ನನ್ನು ಎದೆಗೆ ಒತ್ತಿಕೊಂಡಳು. ನನ್ನನ್ನು ನೋಡಿದ್ದಾದ ಮೇಲೆ, "ಆ ಸಿಸ್ಟರ್ ಎಲ್ಲಿ?" ಎಂದಳು. ನಾನು ತೋರಿಸಿದೆ. ಅಜ್ಜಿ ನೋಡಿಯೇ ನೋಡಿದಳು. "ಅದಾ? ಆ ಎಳೇ ಹುಡುಗೀನಾ? ನಾನು ಐವತ್ತು ವರ್ಷದ ಹೆಂಗಸು ಅಂದ್ಕೊಂಡಿದ್ದೆ!"

ಹಜಾರವೆಲ್ಲ ನಗು, ಅಳು, ಕೂಗು. ಹದಿನೆಂಟು ಜನರಿಗೆ ಕಣ್ಣು ಬಂದಿತ್ತು. ಒಬ್ಬರು ಗೋಡೆಯ ಮೇಲಿನ ಹಲ್ಲಿಯನ್ನು ತೋರಿಸಿ ತೋರಿಸಿ ಕುಣಿಯುತ್ತಿದ್ದರು. ಎಲ್ಲರೂ ಸಿಸ್ಟರನ್ನು ನೋಡಬೇಕೆಂದು ಕರೆಯುತ್ತಿದ್ದರು. ಆದರೆ ಅವರು ಬರಲಿಲ್ಲ. ಮೂಲೆಯ ಹಾಸಿಗೆಯ ಹತ್ತಿರ ಕೂತಿದ್ದರು.

ಅಲ್ಲಿದ್ದವರು ಜಂಬಣ್ಣ. ಕಾರ್ಖಾನೆಯ ಕುಲುಮೆಯಲ್ಲಿ ದುಡಿದು ನಿವೃತ್ತರಾದ ಎಪ್ಪತ್ತು ವರ್ಷದ ಮುದುಕರು. ಅವರ ಪೊರೆ ತೆಗೆದರೂ ಕಣ್ಣು ಬರಲಿಲ್ಲ. ಒಳಗಿನ ನರವೇ ಹೋಗಿದೆ ಎಂದರು ಡಾಕ್ಟರು. ನಾನು ಕಂಬದ ಹಿಂದೆ ನಿಂತು ಕೇಳಿಸಿಕೊಂಡೆ.

"ನಿನ್ನ ಕರೀತಿದ್ದಾರಲ್ಲ, ಹೋಗಮ್ಮ" ಎಂದರು ಜಂಬಣ್ಣ.

"ಆಮೇಲೆ ಹೋಗ್ತೀನಿ."

"ನನಗೆ ಸಮಾಧಾನ ಹೇಳೋಕೆ ಕೂತಿದ್ದೀಯಾ?"

"ಇಲ್ಲ. ನನಗೇ ತುಂಬಾ ಬೇಜಾರಾಗಿದೆ. ಅದಕ್ಕೆ ಕೂತಿದ್ದೀನಿ."

ಜಂಬಣ್ಣ ಮುಖವನ್ನು ಅವರ ಕಡೆ ತಿರುಗಿಸಿದರು. ಎಪ್ಪತ್ತು ವರ್ಷದ ಗಂಡಸೊಬ್ಬರು ಇಪ್ಪತ್ತನಾಲ್ಕು ವರ್ಷದ ಹುಡುಗಿಯ ಬೆನ್ನು ತಟ್ಟುತ್ತಿದ್ದರು. ಅವರಲ್ಲಿ ಯಾರನ್ನು ಯಾರು ಸಂತೈಸಿದರೋ ಎಂದು ಆ ಕಂಬದ ಹಿಂದೆ ನಿಂತು ನಾನು ಬೆರಗಾಗಿದ್ದೆ. ಇಂದಿಗೂ ಆ ಬೆರಗು ಹೋಗಿಲ್ಲ.

ಊರಿಗೆ ಬಂದ ಮರುದಿನ ಅಜ್ಜಿ ಸ್ನಾನ ಮಾಡಿ, ವಿಭೂತಿ ಧರಿಸಿ, ಕನ್ನಡಕದ ದಾರವನ್ನು ತಲೆಯ ಹಿಂದೆ ಬಿಗಿದು ಒಲೆಯ ಮುಂದೆ ಕೂತಳು. ಅಮ್ಮ ಎದ್ದು ಜಾಗ ಬಿಟ್ಟರು. ಮೊದಲ ರೊಟ್ಟಿ ಹರಿಯಿತು, ಎರಡನೆಯದು ಸೀದಿತು. ಮೂರನೆಯದು ಹುಣ್ಣಿಮೆಯ ಚಂದ್ರನ ಹಾಗೆ ಉಬ್ಬಿ ಬಂತು. ಅಪ್ಪ ತಟ್ಟೆಯ ಮುಂದೆ ಕೂತು ಆ ರೊಟ್ಟಿಯನ್ನು ಮುರಿಯಲಾರದೆ ಅಳತೊಡಗಿದರು. "ತಿನ್ನೋ, ತಣ್ಣಗಾಗುತ್ತೆ" ಎಂದು ಅಜ್ಜಿ ಗದರಿಸಿದಳು.

ಅಜ್ಜಿ ಅಲ್ಲಿಗೆ ಸುಮ್ಮನಾಗಲಿಲ್ಲ. ಮುಂದಿನ ಶಿಬಿರಕ್ಕೆ ಜನ ಸೇರಿಸಲು ಜಗದಾಂಬಾ ಸಿಸ್ಟರ್ ಹೊರಟಾಗ ಅವಳೂ ಹೊರಟಳು. ಇವರು ಸೈಕಲ್ ತಳ್ಳಿಕೊಂಡು, ಅವಳು ಪಕ್ಕದಲ್ಲಿ ಕೋಲೂರಿಕೊಂಡು. ಬರುವುದಿಲ್ಲ ಎಂದ ಮುದುಕಿಯರನ್ನು ಅವಳು ಬೈದು ಒಪ್ಪಿಸುತ್ತಿದ್ದಳು. ನಾನೂ ಶಾಲೆ ಬಿಟ್ಟ ಮೇಲೆ ಜೊತೆಗೆ ಹೋಗುತ್ತಿದ್ದೆ. ಅಜ್ಜಿಯ ಕೈ ಹಿಡಿಯಬೇಕಾಗಿರಲಿಲ್ಲ, ಆದರೂ ಹಿಡಿಯುತ್ತಿದ್ದೆ. ಅವಳು ಮತ್ತೆ ಒಂಬತ್ತು ವರ್ಷ ಬದುಕಿದಳು. ಆ ಒಂಬತ್ತು ವರ್ಷದಲ್ಲಿ ನಾನು ಅವಳಿಂದ ಕೇಳಿ ತಿಳಿದದ್ದನ್ನು, ಅದಕ್ಕೆ ಮೊದಲಿನ ಹನ್ನೊಂದು ವರ್ಷದಲ್ಲಿ ಕೇಳಬಹುದಿತ್ತಲ್ಲ ಎಂಬ ಕೊರಗು ಮಾತ್ರ ಉಳಿದಿದೆ.

೧೯೬೬ರ ಶಿಬಿರಕ್ಕೆ ಭದ್ರಾವತಿಯಿಂದ ನಲವತ್ತಮೂರು ಜನ ಹೊರಟರು. ಸ್ಟೇಷನ್ನಿನಲ್ಲಿ ರೈಲು ಬರುವ ಮೊದಲು ಹೆದರಿಕೆ ಸಾಲಿನೊಳಗೆ ಹರಡಿತು. ಒಬ್ಬಾತ ಎದ್ದು ಮನೆಗೆ ಹೋಗುತ್ತೇನೆಂದ, ಇನ್ನಿಬ್ಬರು ಅವನ ಜೊತೆಗೆ ಎದ್ದರು. ಆಗ ಬೆಂಚಿನ ತುದಿಯಿಂದ ಕೋಲು ಕುಟ್ಟುತ್ತ ಒಬ್ಬರು ಮುಂದೆ ಬಂದರು. ಜಂಬಣ್ಣ. ಅವರನ್ನು ಅಲ್ಲಿಗೆ ಯಾರೂ ಕರೆದಿರಲಿಲ್ಲ. ಮೊಮ್ಮಗಳ ಭುಜ ಹಿಡಿದು ತಾವಾಗಿಯೇ ನಡೆದು ಬಂದಿದ್ದರು.

"ನಾನು ಹೋದ ವರ್ಷ ಹೋಗಿದ್ದೆ. ನನಗೆ ಕಣ್ಣು ಬರ್ಲಿಲ್ಲ" ಎಂದರು ಗಟ್ಟಿಯಾಗಿ. "ಬರ್ದೇ ಇರಬಹುದು ಅಂತ ಆ ಸಿಸ್ಟರ್ ಹುಡುಗಿ ಮೊದಲೇ ಹೇಳಿದ್ಲು. ಬರ್ಲಿಲ್ಲ ಅಂದಾಗ ಓಡಿಹೋಗ್ಲಿಲ್ಲ. ನನ್ನ ಮಾತು ಕೇಳಿ, ಹೋಗಿ."

ಎದ್ದವರು ಒಬ್ಬೊಬ್ಬರಾಗಿ ಕೂತರು. ರೈಲು ಬಂತು, ನಲವತ್ತಮೂರು ಜನರೂ ಹತ್ತಿದರು.